ಶಾಮಿಯಾನದ ಕೇಸ್ ಹಿಸ್ಟರಿ

೧೯೮೭ರ ಫೆಬ್ರವರಿ ತಿಂಗಳ ಕೊನೆಯ ಭಾನುವಾರ ವಿಜಯನಗರದ ಒಂದು ಶಾಮಿಯಾನ ಅಂಗಡಿಗೆ ಕಂಪ್ಯೂಟರ್ ಬಂತು. ಅಂಗಡಿ ನನ್ನ ಭಾವಮೈದ ಚಂದ್ರುವಿನದು. ಅವನು ಕಂಪ್ಯೂಟರ್ ಕೊಳ್ಳಲು ಹೋದವನಲ್ಲ. ರಾಜಾಜಿನಗರದಲ್ಲಿ ಮುಚ್ಚಿಹೋದ ಯಾವುದೋ ಕಂಪನಿಯ ಸಾಮಾನು ಹರಾಜಿಗಿದೆ, ಮಡಚುವ ಕುರ್ಚಿಗಳು ಅಗ್ಗಕ್ಕೆ ಸಿಗುತ್ತವೆ ಎಂದು ಯಾರೋ ಹೇಳಿದ್ದರಿಂದ ಕುರ್ಚಿ ತರಲು ಹೋಗಿದ್ದ. ಹರಾಜಿನವರು ಕುರ್ಚಿಗಳನ್ನು ಬಿಡಿಯಾಗಿ ಕೊಡುವುದಿಲ್ಲ, ಕೋಣೆಯಲ್ಲಿರುವುದನ್ನೆಲ್ಲ ಒಟ್ಟಿಗೆ ಎತ್ತಬೇಕು ಎಂದರು. ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದಿಸಿದ ಒಂದು ಕಂಪ್ಯೂಟರ್ ಇತ್ತು. ತರಕಾರಿಯವಳು ಕೊತ್ತಂಬರಿ ಸೊಪ್ಪನ್ನು ಕೊಸರು ಹಾಕುವ ಹಾಗೆ ಕುರ್ಚಿಗಳ ಜೊತೆ ಅದೂ ಬಂತು. ದೇಶದಲ್ಲಿ ಹೀಗೆ ಕೊಸರಾಗಿ ಬಂದ ಕಂಪ್ಯೂಟರ್ ಇನ್ನೊಂದು ಇದೆಯೇ ಎಂಬುದನ್ನು ನಾನು ಪರಿಶೀಲಿಸಿಲ್ಲ.

ನಾನು ಒಂದು ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕ. ತನಗೆ ಅರ್ಥವಾಗದ ವಿಷಯವನ್ನು ಓದುಗರಿಗೆ ಅರ್ಥವಾಗುವಂತೆ ಬರೆಯುವುದು ಉಪಸಂಪಾದಕನ ಕೆಲಸ, ಅದಕ್ಕಾಗಿಯೇ ಸಂಬಳ. ಆದರೆ ಬರೆಯುವುದು ಬೇರೆ, ಸಲಹೆ ಕೊಡುವುದು ಬೇರೆ. ಈ ವ್ಯತ್ಯಾಸ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು, ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲ. ಹಿಂದಿನ ವರ್ಷ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಖಾಲಿ ಬಿದ್ದಾಗ, ಸುದ್ದಿಸಂಸ್ಥೆಯಿಂದ ಬಂದಿದ್ದ ಇಂಗ್ಲಿಷ್ ಲೇಖನವೊಂದನ್ನು ಆಧರಿಸಿ ಗಣಕಯಂತ್ರದ ಬಗ್ಗೆ ಬರೆದಿದ್ದೆ. ಜಾತಕ, ರಾಹುಕಾಲಗಳ ಮೇಲಿನ ನಮ್ಮ ನಂಬಿಕೆಯನ್ನೆಲ್ಲ ಈ ಯಂತ್ರ ಗುಡಿಸಿಹಾಕಲಿದೆ ಎಂಬ ಕೊನೆಯ ಪ್ಯಾರಾ ಮಾತ್ರ ನನ್ನದೇ ಸೇರ್ಪಡೆ, ಜಾಗ ಇನ್ನೂ ನಾಲ್ಕು ಸಾಲು ಉಳಿದಿತ್ತು. ಅದರ ಕೆಳಗೆ ನನ್ನ ಹೆಸರು ಅಚ್ಚಾಯಿತು. ಅಂದಿನಿಂದ ನನ್ನ ಹೆಂಡತಿ ವಸಂತಾಳ ತವರಿನಲ್ಲಿ ನಾನು ಕಂಪ್ಯೂಟರ್ ಬಲ್ಲವನು. ಅಳಿಯನಿಗೆ ಒಂದು ವಿಷಯ ಗೊತ್ತು ಎಂದು ಹೆಣ್ಣು ಕೊಟ್ಟ ಮನೆಯಲ್ಲಿ ಒಮ್ಮೆ ತೀರ್ಪಾದರೆ ಅದಕ್ಕೆ ಮೇಲ್ಮನವಿ ಇಲ್ಲ.

ಆದ್ದರಿಂದ ಭಾನುವಾರ ಸಂಜೆಯೇ ಚಂದ್ರು ಸ್ಕೂಟರ್ ಹತ್ತಿ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಬಂದ.

“ಭಾವ, ಸ್ವಿಚ್ ಹಾಕಿದ್ರೆ ಒಂದು ಹಸಿರು ಗೆರೆ ಮಿಣಮಿಣ ಅಂತ ಕೂತಿರುತ್ತೆ. ಏನು ಒತ್ತಿದ್ರೂ ತಪ್ಪು ತಪ್ಪು ಅಂತ ಇಂಗ್ಲಿಷಲ್ಲಿ ಬೈಯುತ್ತೆ.”

“ಅದಕ್ಕೆ ಸಾಫ್ಟ್‌ವೇರ್ ಹಾಕ್ಬೇಕು ಕಣೋ” ಎಂದೆ. ಈ ಮಾತು ಲೇಖನದ ಮೂರನೇ ಪ್ಯಾರಾದಲ್ಲಿತ್ತು.

“ಅದೆಲ್ಲಿ ಸಿಗುತ್ತೆ? ಚಿಕ್ಕಪೇಟೇಲಾ?”

ಅದು ಲೇಖನದಲ್ಲಿ ಇರಲಿಲ್ಲ. “ನೋಡೋಣ” ಎಂದೆ. ಅಡುಗೆಮನೆಯಿಂದ ವಸಂತಾ, “ಅವರು ನೋಡೋಣ ಅಂದ್ರೆ ಗೊತ್ತಿಲ್ಲ ಅಂತ ಕಣೋ ಚಂದ್ರು. ನೀನು ಕಾಫಿ ಕುಡಿದು ಬೇರೆ ಯಾರನ್ನಾದ್ರೂ ಕೇಳು” ಎಂದಳು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವಳು ಕೊಟ್ಟ ಅತ್ಯುತ್ತಮ ಸಲಹೆ ಅದು. ಚಂದ್ರು ಕಾಫಿ ಮಾತ್ರ ಕುಡಿದ.

ಈ ಅಂಗಡಿಗೆ ಕಂಪ್ಯೂಟರ್ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿದೆ. ಬಂದಮೇಲೆ ಕೇಳಿದೆ, ಅಷ್ಟೆ. ಆದರೆ ಅದಕ್ಕೊಂದು ಉತ್ತರವಿತ್ತು. ಶಾಮಿಯಾನ ಅಂಗಡಿಯ ವ್ಯಾಪಾರ ಅರ್ಧ ಮದುವೆ, ಅರ್ಧ ಸಾವು. ಮದುವೆಯವರು ಆರು ತಿಂಗಳು ಮೊದಲೇ ಬಂದು, ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ನೋಡಿ, ಚೌಕಾಸಿ ಮಾಡುತ್ತಾರೆ. ಸಾವಿನ ಮನೆಯವರು ಒಂದು ಗಂಟೆ ಮುಂಚೆ ಬರುತ್ತಾರೆ, ತೂತು ನೋಡುವುದಿಲ್ಲ. ಇಬ್ಬರಿಗೂ ಹೋಗುವುದು ಅದೇ ಶಾಮಿಯಾನ. ಇಡೀ ಊರಿಗೆ ಗೊತ್ತಿರುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಇದು. ಮಾವನವರು ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆ ಚಂದ್ರುವಿಗೆ ಬಂತು, ನೀತಿನಿಯಮ ಅತ್ತೆಯ ಬಳಿ ಉಳಿಯಿತು. ಅತ್ತೆ ಸಾವಿತ್ರಮ್ಮನವರ ನಿಯಮ ಸರಳವಾದದ್ದು: ಸಾವಿನ ಮನೆಗೆ ಹೋಗಿಬಂದ ಶಾಮಿಯಾನ ನೆಟ್ಟಗೆ ಶುಭಕಾರ್ಯಕ್ಕೆ ಹೋಗಕೂಡದು. ನಡುವೆ ಒಂದು ಸಾರ್ವಜನಿಕ ಸಮಾರಂಭ ಮಾಡಿಕೊಂಡು ಬರಬೇಕು. ಬೀದಿಯಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸುವುದು ಎಲ್ಲಕ್ಕಿಂತ ಶ್ರೇಷ್ಠ. ಗಣೇಶನೂ ಅಷ್ಟೇ. ರಾಜ್ಯೋತ್ಸವ ಮಧ್ಯಮ, ಸ್ಕೂಲ್ ಡೇ ನಡೆಯುತ್ತದೆ. ರಾಜಕೀಯ ಪಕ್ಷದ ಸಭೆಯನ್ನು ಮಾತ್ರ ಅವರು ಶುದ್ಧಿಯೆಂದು ಒಪ್ಪುತ್ತಿರಲಿಲ್ಲ. ಸಭೆಗೆ ಹೋಗಿಬಂದದ್ದಕ್ಕೇ ಬೇರೊಂದು ಸ್ಕೂಲ್ ಡೇ ಬೇಕು ಎನ್ನುತ್ತಿದ್ದರು.

ಈ ನಿಯಮ ಯಾವ ಶಾಸ್ತ್ರದಲ್ಲೂ ಇಲ್ಲ ಎಂದು ನಾನು ಮೊದಮೊದಲು ನಗುತ್ತಿದ್ದೆ. ಆಮೇಲೆ ಒಂದು ದಿನ ಕಚೇರಿಯಲ್ಲಿ ಪುಟ ಕಟ್ಟಿಸುತ್ತ ನಿಂತಿದ್ದಾಗ ನಗು ಕಡಿಮೆಯಾಯಿತು. ನಮ್ಮ ಆರನೇ ಪುಟದಲ್ಲಿ ಮದುವೆಯಾದ ಜೋಡಿಗಳ ಭಾವಚಿತ್ರವೂ ಬರುತ್ತದೆ, ಶ್ರದ್ಧಾಂಜಲಿಯೂ ಬರುತ್ತದೆ. ಒಂದರ ಪಕ್ಕ ಒಂದು ಹಾಕುವಂತಿಲ್ಲ. ನಡುವೆ ರಸ್ತೆ ಡಾಂಬರು, ಕೊಳವೆಬಾವಿ ಇಂಥ ಯಾವುದಾದರೂ ಟೆಂಡರ್ ಪ್ರಕಟಣೆ ಇರಲೇಬೇಕು. ಟೆಂಡರ್ ಇಲ್ಲದ ದಿನ ಮದುಮಕ್ಕಳನ್ನು ಮರುದಿನಕ್ಕೆ ಎತ್ತಿಡುತ್ತೇವೆ. ಹದಿನಾರು ವರ್ಷದಿಂದ ನಾನೇ ಇದನ್ನು ಮಾಡಿಸಿಕೊಂಡು ಬಂದಿದ್ದೆ.

ತೊಂದರೆ ಏನೆಂದರೆ, ಯಾವ ಶಾಮಿಯಾನ ಎಲ್ಲಿಗೆ ಹೋಗಿಬಂತು ಎಂಬುದು ಇದ್ದದ್ದು ಅತ್ತೆಯ ತಲೆಯಲ್ಲಿ. ಅಂಗಡಿ ಬೆಳೆಯಿತು, ಶಾಮಿಯಾನಗಳು ಹೆಚ್ಚಿದವು, ಅತ್ತೆಗೆ ಒಂದರ ನೆನಪು ಇನ್ನೊಂದಕ್ಕೆ ಸೇರತೊಡಗಿತು. ಹಿಂದಿನ ವರ್ಷ ಒಂದು ಸೀಮಂತಕ್ಕೆ ಹೊರಟ ಗಾಡಿ ಮೂಲೆ ತಿರುಗಿದ ಮೇಲೆ ಅವರಿಗೆ ಅನುಮಾನ ಬಂದು, ಬೀದಿಯುದ್ದಕ್ಕೂ “ನಿಲ್ಸೋ, ಅದು ಸತ್ತೋರ್ದು!” ಎಂದು ಕೂಗಿಕೊಂಡು ಓಡಿದ್ದರು. ಸೀಮಂತದ ಮನೆಯವರು ಗಾಡಿಯ ಹಿಂದೆಯೇ ಆಟೋದಲ್ಲಿದ್ದರು.

ಈ ವರ್ಷ ಅಂಥದ್ದು ಆಗಕೂಡದಿತ್ತು. ಸುಂಕದಕಟ್ಟೆಯ ರಂಗಪ್ಪನವರು ಬಸವೇಶ್ವರನಗರದಲ್ಲಿ ಹೊಸ ಕಲ್ಯಾಣಮಂಟಪ ಕಟ್ಟಿಸಿದ್ದರು. ಊಟದ ಹಾಲ್ ಇನ್ನೂ ಮುಗಿದಿರಲಿಲ್ಲ, ಪಕ್ಕದ ಖಾಲಿ ನಿವೇಶನದಲ್ಲಿ ಶಾಮಿಯಾನ ಹಾಕಿಯೇ ಬಡಿಸಬೇಕು. ಮೊದಲ ಮದುವೆ ವೈಶಾಖದಲ್ಲಿ, ರಂಗಪ್ಪನವರ ಮಗನದೇ. ಅದನ್ನು ಚಂದ್ರುವಿಗೆ ಒಪ್ಪಿಸಿ, “ಇದೊಂದು ಚೆನ್ನಾಗಿ ಮಾಡ್ಕೊಡಪ್ಪ, ಆಮೇಲೆ ನಮ್ಮ ಛತ್ರದ್ದೆಲ್ಲ ನಿಂದೇ” ಎಂದಿದ್ದರು. ಆ ಮಾತು ಉಳಿದರೆ ಚಂದ್ರು ವರ್ಷವಿಡೀ ನಿಶ್ಚಿಂತೆ. ಉಳಿಯದಿದ್ದರೆ ಛತ್ರ ರಸ್ತೆಯಾಚೆಯ ನಂಜುಂಡಪ್ಪನ ಅಂಗಡಿಗೆ ಹೋಗುತ್ತದೆ. ನಂಜುಂಡಪ್ಪ ದಿನಾ ಬಾಗಿಲಲ್ಲಿ ಕೂತು ಇತ್ತ ಕಡೆಯೇ ನೋಡುತ್ತ ಪೇಪರ್ ಓದುವವನು. ನಮ್ಮ ಪೇಪರೇ.

ಸಾಫ್ಟ್‌ವೇರ್ ಆರಿಸುವ ಕೆಲಸಕ್ಕೆ ನಾನು ಕಚೇರಿಯ ಶಿಸ್ತನ್ನು ತಂದೆ. ಒಂದೇ ಮೂಲವನ್ನು ನಂಬಬಾರದು, ಎಲ್ಲರಿಗೂ ಅದೇ ಪ್ರಶ್ನೆ ಕೇಳಬೇಕು, ಉತ್ತರವನ್ನು ಹೋಲಿಸಬೇಕು. ಜಾಹೀರಾತು ವಿಭಾಗದ ಗೆಳೆಯರ ಮೂಲಕ ಮೂವರು ಸಾಫ್ಟ್‌ವೇರ್ ಮಾರುವವರು ಸಿಕ್ಕರು. ಅಷ್ಟರಲ್ಲಿ ಚಂದ್ರು ಅಂಗಡಿಯ ಹಿಂಭಾಗದಲ್ಲಿ ಪ್ಲೈವುಡ್ಡು, ಗಾಜು ಹಾಕಿಸಿ ಕಂಪ್ಯೂಟರಿಗೊಂದು ಕೋಣೆ ಮಾಡಿದ್ದ. ಧೂಳು ಒಳಗೆ ಹೋದರೆ ಕೆಡುತ್ತದೆ, ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಎಂದು ಬಾಗಿಲಿಗೆ ಬರೆದು ಅಂಟಿಸಿದ್ದ. ಅತ್ತೆಗೆ ಈ ಯಂತ್ರದ ಮೇಲೆ ಗೌರವ ಹುಟ್ಟಿದ್ದು ಅಲ್ಲಿಂದ. ಅದುವರೆಗೆ ಅಂಗಡಿಯೊಳಗೆ ಚಪ್ಪಲಿ ಬಿಡಿ ಎಂದು ಎಷ್ಟು ಹೇಳಿದರೂ ಕೇಳದ ಜನ ಈಗ ಯಾರೂ ಹೇಳದೆ ಕಾಲೊರೆಸಿಕೊಂಡು ಬರುತ್ತಿದ್ದರು.

ಆಗ ನನಗೆ ತಿಳಿದ ಹೊಸ ಸಂಗತಿಯೆಂದರೆ, ಶಾಮಿಯಾನ ಅಂಗಡಿಗೆಂದು ಸಾಫ್ಟ್‌ವೇರ್ ಯಾರೂ ಮಾಡಿಲ್ಲ. ಬೇರೆ ಯಾರಿಗೋ ಹೊಲಿದದ್ದನ್ನು ಮಡಿಸಿ, ಬಿಗಿಮಾಡಿ ನಮಗೆ ತೊಡಿಸುತ್ತಾರೆ. ಮೊದಲು ಬಂದವರು ಕಲಾಸಿಪಾಳ್ಯದ ಲಾರಿ ಕಚೇರಿಯೊಂದಕ್ಕೆ ಮಾಡಿಕೊಟ್ಟದ್ದನ್ನು ತಂದರು. ಅದಕ್ಕೆ ಲಾರಿ ನಂಬರ್ ಕೊಡದೆ ಯಾವ ಮದುವೆಯೂ ಮುಂದಕ್ಕೆ ಹೋಗುತ್ತಿರಲಿಲ್ಲ. ಪರೀಕ್ಷೆಗೆಂದು ಒಂದು ಮದುವೆ ತುಂಬಿದಾಗ, ವಧುವಿನ ತಂದೆ ಸರಕು ಕಳಿಸುವವರು, ವರನ ತಂದೆ ಪಡೆಯುವವರು, ದಾರಿಯಲ್ಲಿ ಒಡೆದರೆ ಕಂಪನಿ ಜವಾಬ್ದಾರಿಯಲ್ಲ ಎಂದು ಬಂತು. “ಇದರಲ್ಲಿ ತಪ್ಪೇನಿದೆ?” ಎಂದು ಚಂದ್ರು ಕೇಳಿದ. ಅವನಿಗೆ ಆಗ ತಾನೇ ಮದುವೆಯಾಗಿ ಒಂದು ವರ್ಷವಾಗಿತ್ತು.

ಎರಡನೆಯವರು ಮೆಜೆಸ್ಟಿಕ್ ಹತ್ತಿರದ ಲಾಡ್ಜೊಂದರ ಸಾಫ್ಟ್‌ವೇರ್ ತಂದರು. ನನಗೆ ಇದು ಹಿಡಿಸಿತು. ಲಾಡ್ಜಿನಲ್ಲಿ ರೂಮು, ಇಲ್ಲಿ ಶಾಮಿಯಾನ. ಅಲ್ಲೂ ಜನ ಬಂದುಹೋಗುತ್ತಾರೆ, ಇಲ್ಲೂ. ನಾನು ಇದರ ಪರವಾಗಿ ಪುಟ್ಟ ಸಂಪಾದಕೀಯದಷ್ಟು ಮಾತಾಡಿದೆ. ಅತ್ತೆ ಒಂದೇ ಪ್ರಶ್ನೆ ಕೇಳಿದರು.

“ನಾಲ್ಕು ಗಂಟೆಗೆ ಒಬ್ರು ಹೋಗ್ಬಿಟ್ರು ಅಂತ ಬರ್ತಾರೆ, ಐದು ಗಂಟೆಗೆ ಶಾಮಿಯಾನ ಬೇಕು. ಆಗ ಏನ್ಮಾಡುತ್ತೆ ಇದು?”

ಮಾರುವವರು ಬೆವರೊರೆಸಿಕೊಂಡು, “ಇದಕ್ಕೆ ಒಂದು ದಿನ ಮುಂಚೆ ರಿಸರ್ವೇಶನ್ ಬೇಕಾಗುತ್ತಮ್ಮ” ಎಂದರು.

“ಸಾಯೋರಿಗೆ ಹೇಳಿ ಕಳಿಸ್ಲಾ?” ಎಂದರು ಅತ್ತೆ. ಸಂದರ್ಶನ ಅಲ್ಲಿಗೆ ಮುಗಿಯಿತು.

ಮೂರನೆಯವರು ಶ್ರೀಕಂಠಯ್ಯ. ಕಾರ್ಖಾನೆಯ ಕೆಲಸ ಬಿಟ್ಟು, ರಾಜಾಜಿನಗರದ ತಮ್ಮ ಮನೆಯ ಮಹಡಿಯಲ್ಲೇ ಪ್ರೋಗ್ರಾಂ ಬರೆಯುತ್ತಿದ್ದ, ಐವತ್ತರ ಆಸುಪಾಸಿನ ಮೃದುಮಾತಿನವರು. ಅವರ ಸಾಫ್ಟ್‌ವೇರ್ ಒಂದು ನರ್ಸಿಂಗ್ ಹೋಮಿನದು. ನಾನು ಕೇಳುವ ಮೊದಲೇ ಅವರು ವಿವರಿಸಿಬಿಟ್ಟರು. “ನೋಡಿ ಸಾರ್, ಶಾಮಿಯಾನಾನೇ ಪೇಷಂಟು. ಅಂಗಡಿಗೆ ವಾಪಸ್ ಬಂದ್ರೆ ಅಡ್ಮಿಟ್, ಹೊರಗೆ ಹೋದ್ರೆ ಡಿಸ್ಚಾರ್ಜ್. ಯಾವ ಸಮಾರಂಭಕ್ಕೆ ಹೋಯ್ತೋ ಅದು ಕಾಯಿಲೆ ಕಾಲಂನಲ್ಲಿ. ಅಮ್ಮನೋರು ಕೇಳಿದ ಅರ್ಜೆಂಟ್ ಇದೆಯಲ್ಲ, ಅದಕ್ಕೆ ಎಮರ್ಜೆನ್ಸಿ ಅಂತ ಬೇರೆ ಬಟನ್ನೇ ಇದೆ.”

ಅತ್ತೆ ಪರದೆಯತ್ತ ಬಗ್ಗಿದರು. “ಮದುವೇನೂ ಕಾಯಿಲೆ ಕಾಲಂನಲ್ಲೇ ಬರುತ್ತಾ?”

“ಬರುತ್ತಮ್ಮ. ಬದಲಾಯಿಸ್ಬೇಕು ಅಂದ್ರೆ...”

“ಬೇಡ, ಇರ್ಲಿ ಬಿಡಿ” ಎಂದರು ಅತ್ತೆ.

ಇದರಲ್ಲೊಂದು ವಿಶೇಷವಿತ್ತು: ಕೇಸ್ ಹಿಸ್ಟರಿ. ಪೇಷಂಟಿನ ನಂಬರ್ ಒತ್ತಿದರೆ ಅದು ಹುಟ್ಟಿದಂದಿನಿಂದ ಯಾವ ಯಾವ ಕಾಯಿಲೆ ಅನುಭವಿಸಿತು ಎಂದು ಸಾಲಾಗಿ ತೋರಿಸುತ್ತದೆ. ಅತ್ತೆಯ ನಿಯಮಕ್ಕೆ ಬೇಕಾದದ್ದೇ ಅದು. ನಾನು ಲಾಡ್ಜನ್ನು ಕೈಬಿಟ್ಟು ಶ್ರೀಕಂಠಯ್ಯನವರ ಪಕ್ಷ ಸೇರಿದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. “ಒಮ್ಮೆ ತುಂಬಿದ್ದನ್ನ ಆಮೇಲೆ ಅಳಿಸೋಕೆ ಅವಕಾಶ ಇಡ್ಲಾ ಸಾರ್?” ಎಂದು ಅವರು ನನ್ನನ್ನೇ ಕೇಳಿದರು. ಹಳೆಯ ಪತ್ರಿಕೆಗಳ ಕಡತದಲ್ಲಿ ಯಾರೂ ಒಂದಕ್ಷರ ತಿದ್ದುವಂತಿಲ್ಲ ಎಂಬುದು ನಮ್ಮ ಗ್ರಂಥಾಲಯದ ನಿಯಮ. ನಾನು ಗಂಟಲು ಸರಿಮಾಡಿಕೊಂಡು, “ಖಂಡಿತ ಬೇಡ. ದಾಖಲೆ ಅಂದ್ರೆ ದಾಖಲೆ” ಎಂದೆ. ಚಂದ್ರು ಹೆಮ್ಮೆಯಿಂದ ನನ್ನತ್ತ ನೋಡಿದ. ಶ್ರೀಕಂಠಯ್ಯ ಬರೆದುಕೊಂಡರು.

ಮಾರ್ಚ್ ಪೂರ್ತಿ ದಾಖಲೆ ತುಂಬುವುದರಲ್ಲಿ ಹೋಯಿತು. ಅತ್ತೆ ಕುರ್ಚಿಯಲ್ಲಿ ಕೂತು ನೆನಪಿಸಿಕೊಂಡು ಹೇಳುವುದು, ಚಂದ್ರು ಒಂದು ಬೆರಳಿನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ ಕುಟ್ಟುವುದು. ಪೇಷಂಟ್ ಹೆಣ್ಣೋ ಗಂಡೋ ಎಂದು ತಿಳಿಸದೆ ಯಂತ್ರ ಮುಂದಕ್ಕೆ ಬಿಡುತ್ತಿರಲಿಲ್ಲ. ಬಹಳ ಚರ್ಚೆಯಾಗಿ ಶಾಮಿಯಾನಗಳನ್ನೆಲ್ಲ ಹೆಣ್ಣು, ಅನ್ನದ ಕೊಳಗಗಳನ್ನೆಲ್ಲ ಗಂಡು ಎಂದು ತೀರ್ಮಾನಿಸಲಾಯಿತು. ಜಮಖಾನಗಳ ಬಗ್ಗೆ ಒಮ್ಮತ ಮೂಡಲಿಲ್ಲ, ಅವುಗಳನ್ನು ತುಂಬಲೇ ಇಲ್ಲ. ಯುಗಾದಿಯ ದಿನ ಯಂತ್ರಕ್ಕೆ ಪೂಜೆಯಾಯಿತು. “ಎಲ್ಲಿಗೆ ಬೇಕಾದ್ರೂ ಕುಂಕುಮ ಇಡಿ, ಫ್ಲಾಪಿಗೆ ಮಾತ್ರ ಬೇಡಿ” ಎಂದು ಶ್ರೀಕಂಠಯ್ಯ ಕೈಮುಗಿದು ಬೇಡಿಕೊಂಡಿದ್ದರಿಂದ ಫ್ಲಾಪಿಗೆ ದೂರದಿಂದಲೇ ಮಂಗಳಾರತಿ ಎತ್ತಿದರು.

ಯಂತ್ರ ಕೆಲಸ ಮಾಡಿತು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಯಾವ ಶಾಮಿಯಾನಕ್ಕೆ ಸ್ಕೂಲ್ ಡೇ ಬಾಕಿ, ಯಾವುದಕ್ಕೆ ಅಣ್ಣಮ್ಮ ಆಗಿದೆ ಎಂದು ಕ್ಷಣದಲ್ಲಿ ಹೇಳುತ್ತಿತ್ತು. ಅತ್ತೆ ಬೀದಿಯಲ್ಲಿ ಓಡುವುದು ನಿಂತಿತು. ವಿಜಯನಗರದ ಜನ ಕಂಪ್ಯೂಟರ್ ನೋಡಲು ಬರತೊಡಗಿದರು, ಚಪ್ಪಲಿಗಳು ಫುಟ್‌ಪಾತಿನವರೆಗೆ ಸಾಲುಗಟ್ಟಿದವು. ಚಂದ್ರುವಿಗೆ ತೋರಿಸುವ ಚಟ ಹತ್ತಿತು.

ರಂಗಪ್ಪನವರು ಬಂದದ್ದು ಮದುವೆಗೆ ಎರಡು ವಾರವಿದ್ದಾಗ, ಒಂದು ಶನಿವಾರ ಮಧ್ಯಾಹ್ನ. ನನಗೆ ವಾರದ ರಜೆ. ದೊಡ್ಡ ಗಿರಾಕಿ ಬರುತ್ತಾರೆ, ನೀವು ಪಕ್ಕದಲ್ಲಿದ್ದರೆ ಕಳೆ ಎಂದು ಚಂದ್ರು ನನ್ನನ್ನೂ ಕರೆಸಿದ್ದ. ರಂಗಪ್ಪನವರು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಗಾಜಿನ ಕೋಣೆಯೊಳಗೆ ಬಂದು ಕೈಕಟ್ಟಿ ನಿಂತರು.

“ನಿಮ್ಮ ಊಟದ ಪಂಕ್ತಿಗೆ ಅಂತ್ಲೇ ಏಳನೇ ನಂಬರ್ ಎತ್ತಿಟ್ಟಿದೀನಿ ಅಣ್ಣ. ನಮ್ಮಲ್ಲಿರೋದ್ರಲ್ಲೇ ದೊಡ್ಡದು. ನೋಡಿ, ಅದರ ಜಾತಕಾನೇ ತೆಗೆದು ತೋರಿಸ್ತೀನಿ” ಎಂದ ಚಂದ್ರು.

ನಾನು ತಡೆಯಬಹುದಿತ್ತು. ಆದರೆ ಆಗ ನಾನು ರಂಗಪ್ಪನವರಿಗೆ ಗಣಕಯಂತ್ರದ ಮಿದುಳಿನ ಬಗ್ಗೆ ಹೇಳುತ್ತಿದ್ದೆ. ಪರದೆಯ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಇಳಿದವು. ಪೇಷಂಟ್ ಏಳು. ಹೆಣ್ಣು. ವಯಸ್ಸು ಮೂರು. ಗೃಹಪ್ರವೇಶ, ಕೆಂಗೇರಿ. ಆಮೇಲೆ ಗಣೇಶ. ಆಮೇಲೆ ಸೀಮಂತ. ರಂಗಪ್ಪನವರು ತುಟಿಯಲ್ಲೇ ಇಂಗ್ಲಿಷ್ ಅಕ್ಷರ ಕೂಡಿಸುತ್ತ ಬಂದರು. ನಾಲ್ಕನೆಯ ಸಾಲಿಗೆ ನಿಂತರು.

“ಇದೇನಪ್ಪ, ಸಾವು ಅಂತ ಬರೆದಿದೆ?”

ಚಂದ್ರುವಿನ ಬೆರಳು ಗಾಳಿಯಲ್ಲಿ ನಿಂತಿತು.

“ಸಾವು, ಸುಂಕದಕಟ್ಟೆ” ಎಂದು ರಂಗಪ್ಪನವರು ಪೂರ್ತಿ ಓದಿದರು. “ಪುಷ್ಯ ಮಾಸದಲ್ಲಿ. ನಮ್ಮ ಹಿಂದಿನ ಬೀದಿ ಮುನಿಶಾಮಪ್ಪಂದಲ್ವಾ? ಅಯ್ಯೋ ಶಿವನೇ, ಬೆಳಗಿಂದ ಮಧ್ಯಾಹ್ನದವರೆಗೂ ಅದರ ಕೆಳಗೆ ನಾನೇ ಕೂತಿದ್ನಲ್ಲಯ್ಯ!”

ಆಗ ಮಾತಾಡಬೇಕಾದ್ದು ನನ್ನ ಕರ್ತವ್ಯವೆನಿಸಿತು. “ಅದಾದ್ಮೇಲೆ ಒಂದು ಸ್ಕೂಲ್ ಡೇ ಆಗಿದೆ ಸಾರ್, ಮುಂದಿನ ಸಾಲು ನೋಡಿ” ಎಂದೆ.

“ಸತ್ತಿರೋದಕ್ಕೂ ಸ್ಕೂಲ್ ಡೇಗೂ ಏನ್ರೀ ಸಂಬಂಧ?”

ಅತ್ತೆ ಹೊರಗಿನಿಂದ ಬಂದರು, ಸೆರಗು ಸರಿಮಾಡಿಕೊಂಡು ನಿಯಮವನ್ನು ಅಣ್ಣಮ್ಮನಿಂದ ಸ್ಕೂಲ್ ಡೇವರೆಗೂ ಸಮಾಧಾನವಾಗಿ ವಿವರಿಸಿದರು. ರಂಗಪ್ಪನವರು ತಲೆಯಾಡಿಸುತ್ತ ಕೇಳಿ, “ಎಲ್ಲಾ ಸರಿ ಅಮ್ಮ, ಸಾವೇ ಕಾಣದಿರೋದು ಒಂದು ಹುಡುಕಿಕೊಡಿ, ಸಾಕು” ಎಂದರು. ಚಂದ್ರು ಹುಡುಕಿದ. ನಾವು ನಾಲ್ವರೂ ಬಗ್ಗಿ ನೋಡಿದೆವು. ಒಂದನೇ ನಂಬರ್, ಸಾವು. ಎರಡು, ಸಾವು, ಮತ್ತೆ ಸಾವು. ಐದನೆಯದರಲ್ಲಿ ಸ್ವಲ್ಪ ಆಸೆ ಹುಟ್ಟಿತು. ಕೊನೆಯ ಸಾಲಿನಲ್ಲಿ ಎಮರ್ಜೆನ್ಸಿ ಎಂದಿತ್ತು. ವಿಜಯನಗರ, ರಾಜಾಜಿನಗರ, ಕೆಂಗೇರಿಗಳಲ್ಲಿ ಮೂರು ವರ್ಷದಿಂದ ತೀರಿಕೊಂಡವರೆಲ್ಲರೂ ಆ ಮಧ್ಯಾಹ್ನ ಒಬ್ಬೊಬ್ಬರಾಗಿ ಆ ಗಾಜಿನ ಕೋಣೆಗೆ ಬಂದುಹೋದರು.

“ಯಾವ ಅಂಗಡೀಲಾದ್ರೂ ಕೇಳಿ ನೋಡಿ ರಂಗಪ್ಪನೋರೇ” ಎಂದರು ಅತ್ತೆ. “ಎಲ್ಲರದ್ದೂ ಇದೇ. ಅವರ ಹತ್ರ ಕಂಪ್ಯೂಟರ್ ಇಲ್ಲ, ಹೇಳೋದಿಲ್ಲ ಅಷ್ಟೆ.”

“ಹೇಳದಿದ್ರೆ ಸಾಕು ಬಿಡಿ ತಾಯಿ” ಎಂದು ರಂಗಪ್ಪನವರು ಚಪ್ಪಲಿ ಮೆಟ್ಟಿ ನೇರವಾಗಿ ರಸ್ತೆ ದಾಟಿದರು. ನಂಜುಂಡಪ್ಪ ಪೇಪರ್ ಮಡಚಿಟ್ಟು ಎದ್ದು ನಿಂತದ್ದು ಗಾಜಿನೊಳಗಿಂದ ನಮಗೆಲ್ಲ ಕಂಡಿತು.

ಆ ರಾತ್ರಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತೆವು. ಮಜ್ಜಿಗೆ ಬಡಿಸುವಾಗ ವಸಂತಾ, “ದಾಖಲೆ ಅಂದ್ರೆ ದಾಖಲೆ ಅಂದ್ರಂತಲ್ಲ, ಅಮ್ಮ ಹೇಳಿದ್ರು” ಎಂದಳು. ಉಪ್ಪಿನಕಾಯಿ ಹಾಕಲಿಲ್ಲ. ಮರುದಿನ ನಾನು ಶ್ರೀಕಂಠಯ್ಯನವರ ಮಹಡಿ ಹತ್ತಿ, ಆ ಸಾವಿನ ಸಾಲುಗಳನ್ನು ತೆಗೆಯಲು ಸಾಧ್ಯವೇ ಎಂದು ವಿಚಾರಿಸಿದೆ.

“ನೀವೇ ಬೇಡ ಅಂದ್ರಲ್ಲ ಸಾರ್” ಎಂದರು ಅವರು, ಬೇಸರವಿಲ್ಲದೆ. “ಒಂದು ದಾರಿ ಇದೆ. ಪೇಷಂಟ್ ತೀರಿಕೊಂಡ್ರೆ ಪೂರ್ತಿ ಹಿಸ್ಟರಿ ಹೋಗುತ್ತೆ. ಏಳನೇ ನಂಬರ್ ತೀರಿಕೊಂಡಿದೆ ಅಂತ ಹೊಡೀರಿ, ಮತ್ತೆ ಹೊಸ ಪೇಷಂಟ್ ಅಂತ ಅಡ್ಮಿಟ್ ಮಾಡ್ಕೊಳ್ಳಿ.”

ಚಂದ್ರುವಿಗೆ ತಿಳಿಸಿದೆ. ಅವನು ಕೀಲಿಮಣೆಯ ಮುಂದೆ ಕೂತು, “ಮನಸ್ಸು ಬರ್ತಾ ಇಲ್ಲ ಭಾವ. ಅಪ್ಪ ಹೋದ್ಮೇಲೆ ನಾನೇ ಹೊಲಿಸಿದ ಮೊದಲನೇದು ಅದು” ಎಂದ. ಏಳನೇ ನಂಬರ್ ಬದುಕುಳಿಯಿತು.

ಮದುವೆಯ ದಿನ ಜೋರು ಮುಹೂರ್ತ. ಬೆಂಗಳೂರಿನಲ್ಲಿ ಮದುವೆಯಾಗದೆ ಉಳಿದವರು ಯಾರೂ ಇಲ್ಲವೇನೋ ಎನ್ನುವಷ್ಟು ವಾಲಗ. ಇಂಥ ದಿನಗಳಲ್ಲಿ ಶಾಮಿಯಾನದವರು ಒಬ್ಬರಿಗೊಬ್ಬರು ಸಾಮಾನು ಕೊಟ್ಟುಕೊಳ್ಳುತ್ತಾರೆ. ವರ್ಷವಿಡೀ ಮುಖ ನೋಡದವರೂ ಅಂದು ಕೊಡುತ್ತಾರೆ, ನಾಳೆ ತಮಗೂ ಬೇಕಲ್ಲ. ಹಿಂದಿನ ದಿನ ಮಧ್ಯಾಹ್ನ ನಂಜುಂಡಪ್ಪ ರಸ್ತೆ ದಾಟಿ ಬಂದು, ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತ.

“ಅಮ್ಮ, ಒಂದು ದೊಡ್ಡದು ಕಮ್ಮಿ ಬಿದ್ದಿದೆ.”

“ಏಳನೇ ನಂಬರ್ ಇದೆ, ತಗೊಂಡೋಗು” ಎಂದರು ಅತ್ತೆ, ಹೂ ಕಟ್ಟುವುದನ್ನು ನಿಲ್ಲಿಸದೆ. ದೊಡ್ಡದು ಉಳಿದಿದ್ದದ್ದು ಅದೊಂದೇ. ರಂಗಪ್ಪನವರಿಗೆಂದು ಎತ್ತಿಟ್ಟದ್ದನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಯಾರ ಮದುವೆಗೆ ಎಂದು ಅತ್ತೆ ಕೇಳಲಿಲ್ಲ, ಅವನು ಹೇಳಲಿಲ್ಲ. ಕಾಯಿಲೆ ಕಾಲಂನಲ್ಲಿ ಏನು ಹಾಕಲಿ ಎಂದು ಚಂದ್ರು ಕೇಳಿದ್ದಕ್ಕೆ, “ನಂಜುಂಡಪ್ಪ ಅಂತ ಹಾಕು” ಎಂದರು.

ರಂಗಪ್ಪನವರು ದೊಡ್ಡ ಮನಸ್ಸಿನವರು. ಶಾಮಿಯಾನ ಬೇಡವೆಂದಿದ್ದರೂ ಮದುವೆಗೆ ನಮ್ಮನ್ನು ಕರೆಯುವುದು ಬಿಟ್ಟಿರಲಿಲ್ಲ. ಪಕ್ಕದ ನಿವೇಶನದಲ್ಲಿ ಎಲೆಯ ಮುಂದೆ ಕೂತು ಮೇಲೆ ನೋಡಿದೆ. ಕಂಬದ ಹತ್ತಿರದ ಮೂಲೆಯಲ್ಲಿ ಕಪ್ಪು ಬಣ್ಣದಲ್ಲಿ ಏಳು ಎಂದು ಬರೆದಿತ್ತು. ಪಕ್ಕದಲ್ಲಿದ್ದ ವಸಂತಾಳಿಗೆ ಮೊಣಕೈಯಲ್ಲಿ ತಿವಿದೆ. ಅವಳು ನೋಡಿ, ಬಡಿಸುತ್ತಿದ್ದವನನ್ನು ಕರೆದು ನನಗೆ ಇನ್ನೊಂದು ಹೋಳಿಗೆ ಹಾಕಿಸಿದಳು. ಬಾಯಿ ತುಂಬಿರಲಿ ಎಂದು ಅದರ ಅರ್ಥ. ಅಷ್ಟರಲ್ಲಿ ರಂಗಪ್ಪನವರೇ ಪಂಕ್ತಿ ವಿಚಾರಿಸುತ್ತ ಬಂದರು.

“ಹೆಂಗಿದೆ ಸಾರ್ ಶಾಮಿಯಾನ? ಕೆಳಗೆ ಕೂತ್ರೆ ಎಂಥಾ ಕಳೆ, ಎಂಥಾ ತಂಪು ನೋಡಿ. ನಿಮ್ಮ ಭಾವಮೈದ ಒಳ್ಳೆ ಹುಡುಗ, ಆದ್ರೆ ಇಂಥಾ ಮಾಲು ಅವನ ಹತ್ರ ಇಲ್ಲ ಬಿಡಿ.”

ಸುದ್ದಿ ಖಚಿತವಾಗಿತ್ತು. ಮೂಲ ವಿಶ್ವಾಸಾರ್ಹವಾಗಿತ್ತು. ಕಣ್ಣಾರೆ ಕಂಡದ್ದೂ ಆಗಿತ್ತು. ನಾನು ಹೋಳಿಗೆ ನುಂಗಿ, “ತುಂಬಾ ಚೆನ್ನಾಗಿದೆ ಸಾರ್” ಎಂದೆ.

ಛತ್ರದ ಕೆಲಸವನ್ನೆಲ್ಲ ರಂಗಪ್ಪನವರು ನಂಜುಂಡಪ್ಪನಿಗೆ ಒಪ್ಪಿಸಿದರು. ಚಂದ್ರು ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ನಂಜುಂಡಪ್ಪನೇ ಮನೆಗೆ ಬಂದ. ಅಷ್ಟು ದೊಡ್ಡ ಛತ್ರಕ್ಕೆ ಸಾಕಾಗುವಷ್ಟು ಸಾಮಾನು ಅವನಲ್ಲಿರಲಿಲ್ಲ. ಪ್ರತಿ ಮದುವೆಗೂ ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ ಎಂದು ಮಾತಾಯಿತು. ಗಿರಾಕಿಗಳ ಜೊತೆ ಮಾತಾಡುವವನು ಅವನು, ಲೆಕ್ಕ ಸಮಪಾಲು. ಜ್ಯೇಷ್ಠ ಮಾಸ ಮುಗಿಯುವ ಹೊತ್ತಿಗೆ ಅವನ ಗಾಡಿ ದಿನ ಬಿಟ್ಟು ದಿನ ಚಂದ್ರುವಿನ ಬಾಗಿಲಿಗೆ ಬರುತ್ತಿತ್ತು. ಕೇಸ್ ಹಿಸ್ಟರಿಯಲ್ಲಿ ಈಗ ಸಾವಿಗಿಂತ ಹೆಚ್ಚು ಬಾರಿ ನಂಜುಂಡಪ್ಪ ಎಂದೇ ಇದೆ. ಗಾಜಿನ ಕೋಣೆಯ ಬಾಗಿಲಿಗೆ ಒಳಗಿನಿಂದ ಪರದೆ ಬಿದ್ದಿದೆ, ಹೊರಗಿನವರಿಗೆ ಪ್ರವೇಶವಿಲ್ಲ.

ಇನ್ನೊಂದು ಸುದ್ದಿ ಉಳಿದಿದೆ. ಕೆಂಗೇರಿ ಉಪನಗರದಲ್ಲಿ ನಮಗೊಂದು ನಿವೇಶನ ಮಂಜೂರಾಗಿತ್ತು. ಸಾಲ ಮಾಡಿ, ಸಿಮೆಂಟಿಗೆ ಅಲೆದು, ಕೊನೆಗೂ ಎರಡು ಕೋಣೆಯ ಮನೆ ಮೇಲೆದ್ದಿತು. ಇದೇ ಕಾರ್ತೀಕದಲ್ಲಿ ಗೃಹಪ್ರವೇಶ. ಮುಂದಿನ ಅಂಗಳಕ್ಕೆ ಶಾಮಿಯಾನ ಅತ್ತೆಯ ಕಡೆಯಿಂದ, ಅಳಿಯನಿಗೆ ಬಾಡಿಗೆ ಇಲ್ಲ. ನಿನ್ನೆ ಕಚೇರಿಗೆ ಹೋಗುವ ದಾರಿಯಲ್ಲಿ, ಹೇಗಿದ್ದರೂ ಹತ್ತಿರವೇ ಎಂದು ವಿಜಯನಗರದಲ್ಲಿ ಬಸ್ಸಿಳಿದು ಅಂಗಡಿಗೆ ಹೋದೆ. ಹತ್ತಿರವೇನೂ ಅಲ್ಲ. ಅದೂ ಇದೂ ಮಾತಾಡಿ, ಚಪ್ಪಲಿ ಬಿಟ್ಟು, ಗಾಜಿನ ಕೋಣೆಯ ಬಾಗಿಲ ಬಳಿ ನಿಂತೆ.

“ನಮಗೆ ಯಾವ ನಂಬರ್ ಕಳಿಸ್ತೀಯ ಚಂದ್ರು? ಸುಮ್ನೆ ಒಂದ್ಸಲ ಅದರ ಹಿಸ್ಟರಿ ತೆಗಿ, ನೋಡೋಣ.”

ಚಂದ್ರು ನನ್ನನ್ನೇ ನೋಡಿದ. “ಗಿರಾಕಿಗಳಿಗೆ ತೋರ್ಸೋದು ನಿಲ್ಲಿಸಿದೀವಿ ಭಾವ. ಅಮ್ಮನ ಆರ್ಡರು.”

“ನಾನು ಗಿರಾಕಿಯೇನೋ?”

“ಶಾಮಿಯಾನ ತಗೊಂಡೋರೆಲ್ಲ ಗಿರಾಕಿನೇ. ನೀವು ಬಾಡಿಗೆ ಕೊಡದೆ ಇರೋ ಗಿರಾಕಿ.”

ಅತ್ತೆಯ ಕಡೆಗೆ ತಿರುಗಿದೆ. ಅವರು ಕನ್ನಡಕ ಸರಿಮಾಡಿಕೊಂಡು, “ಇದನ್ನೆಲ್ಲ ಕಂಪ್ಯೂಟರ್ ಗುಡಿಸಿಹಾಕುತ್ತೆ ಅಂತ ನೀವೇ ಬರೆದಿದ್ರಲ್ಲ ಅಳಿಯಂದಿರೇ. ನೀವೂ ನಂಬ್ತೀರಾ?” ಎಂದರು.

“ನಂಬೋದಿಲ್ಲ ಅತ್ತೆ. ಮಾಹಿತಿಗೆ ಅಂತ ಕೇಳ್ದೆ.”

“ಮಾಹಿತಿಗಾದ್ರೆ ಯಾವುದಾದ್ರೇನು, ಹೋಗ್ಬನ್ನಿ. ಬಸ್ ತಪ್ಪುತ್ತೆ.”

ಗೃಹಪ್ರವೇಶ ಭಾನುವಾರ ಬೆಳಗ್ಗೆ. ಶಾಮಿಯಾನ ಶನಿವಾರ ಸಂಜೆ ಕೆಂಗೇರಿಗೆ ಬರುತ್ತದೆ. ಹೆಚ್ಚಿನ ವಿವರ ತಿಳಿದುಬಂದಿಲ್ಲ.